ಕೋಚ್ ಹೆಸರಿನ ಸ್ಟೇಡಿಯಂ: ಮ್ಯಾನ್‌ಹಟನ್‌ಗೆ ಹೊಸದಾಗಿ ಬಂದವರಿಗೆ

ನಮ್ಮ ಕನ್ನಡ ಗುಂಪಿನಲ್ಲಿ ಪ್ರಶ್ನೆ ಕೇಳಿದ ಅಕ್ಕನಿಗೆ ಉತ್ತರ ಬರೆಯಲು ಕೂತೆ, ಸ್ವಲ್ಪ ಉದ್ದವಾಯಿತು. ಕ್ಯಾನ್ಸಾಸ್‌ನ ಮ್ಯಾನ್‌ಹಟನ್‌ಗೆ ಈಗಷ್ಟೇ ಬಂದಿದ್ದೀರಿ, ಮಗ ಶಾಲೆಯಿಂದ ಬಂದರೆ ಬಿಲ್ ಸ್ನೈಡರ್ ಬಿಟ್ಟು ಬೇರೆ ಮಾತಿಲ್ಲ ಅಂದಿರಿ. ಯೂನಿವರ್ಸಿಟಿಯಲ್ಲಿ ಇಷ್ಟೊಂದು ವಿಜ್ಞಾನಿಗಳಿರುವಾಗ ಒಬ್ಬ ಅಮೆರಿಕನ್ ಫುಟ್‌ಬಾಲ್ ಕೋಚ್ ಹೆಸರನ್ನು ಸ್ಟೇಡಿಯಂಗೆ ಇಡೋದು ಎಂಥ ಹುಚ್ಚು ಅಂತಲೂ ಕೇಳಿದಿರಿ.

ಹುಚ್ಚು ಹೌದು. ಆದರೆ ಸುಮ್ನೆ ಬಂದ ಹುಚ್ಚಲ್ಲ. ಧಾರವಾಡ, ಬೆಂಗಳೂರಿನ ಜಿಕೆವಿಕೆ ಕೃಷಿ ವಿವಿಗಳ ಕಡೆಯಿಂದ ಬರುವ ನಮ್ಮವರಿಗೆ ಕೆ-ಸ್ಟೇಟ್ (ಇಲ್ಲಿನ ಕ್ಯಾನ್ಸಾಸ್ ಸ್ಟೇಟ್ ಯೂನಿವರ್ಸಿಟಿ) ಅಂದರೆ ಗೋಧಿ, ಜೋಳ, ಮಣ್ಣು. ಊರಿನವರಿಗೆ ಅದು ಫುಟ್‌ಬಾಲ್. ಅದೂ ಒಂದು ಕಾಲದಲ್ಲಿ ಮಾನ ಕಳೆದ ಫುಟ್‌ಬಾಲ್. ದೊಡ್ಡ ಕಾಲೇಜು ತಂಡಗಳಲ್ಲಿ ಮೊದಲು 500 ಪಂದ್ಯ ಸೋತದ್ದು ಇವರೇ. ಸ್ನೈಡರ್ 1989ರಲ್ಲಿ ತಂಡ ಹಿಡಿದಾಗ ಒಂದೂ ಗೆಲುವಿಲ್ಲದೆ ಇಪ್ಪತ್ತಕ್ಕೂ ಹೆಚ್ಚು ಪಂದ್ಯ ಕಳೆದಿದ್ದವು. ಆ ವರ್ಷ ನಾರ್ತ್ ಟೆಕ್ಸಸ್ ವಿರುದ್ಧ 20-17ರಿಂದ ಗೆದ್ದರು. ಇಡೀ ಸೀಸನ್‌ನಲ್ಲಿ ಗೆದ್ದದ್ದು ಅದೊಂದೇ. ಮುಂದೆ 1998ರಲ್ಲಿ ಲೀಗ್ ಹಂತದ 11 ಪಂದ್ಯಗಳನ್ನೂ ಗೆದ್ದರು. 2003ರಲ್ಲಿ ಬಲಾಢ್ಯ ಒಕ್ಲಹೋಮಾವನ್ನು 35-7ರಿಂದ ಬಡಿದು ತಮ್ಮ ಕಾಲೇಜು ಲೀಗ್ ಆದ ಬಿಗ್ 12ರ ಕಪ್ ಎತ್ತಿದರು. ಇವತ್ತು ಮ್ಯಾನ್‌ಹಟನ್‌ನ ಅಂಗಡಿ, ಕಾರು, ಟೋಪಿ ಎಲ್ಲದರ ಮೇಲೂ ಕಾಣುವ ಆ ನೇರಳೆ ಬೆಕ್ಕಿನ ಗುರುತು ಕೂಡ ಅವರ ಕಾಲದ್ದೇ.

2005ರ ನವೆಂಬರ್‌ನಲ್ಲಿ ನಿವೃತ್ತಿ ಹೇಳಿದಾಗ ಯೂನಿವರ್ಸಿಟಿ ಅವರ ಹೆಸರಿಡಲು ಹೊರಟಿತು. ಹಾಗಾದರೆ ಕುಟುಂಬವೂ ಅದರಲ್ಲಿರಲಿ ಅಂತ ಸ್ನೈಡರ್ ಪಟ್ಟು ಹಿಡಿದರು. ಹಾಗಾಗಿ ಬೋರ್ಡಿನ ಮೇಲಿರುವುದು 'ಬಿಲ್ ಸ್ನೈಡರ್ ಫ್ಯಾಮಿಲಿ ಸ್ಟೇಡಿಯಂ'. ನನಗೆ ಇದರಲ್ಲಿ ಕುಟುಂಬದ ಋಣ ತೀರಿಸುವ ಭಾವ ಕಾಣುತ್ತದೆ. ಹಗಲು ರಾತ್ರಿ ಆಫೀಸಿನಲ್ಲೇ ಕಳೆಯುವ ಕೆಲಸ ಅದು. ಐಟಿಯಲ್ಲಿರುವ ನಮ್ಮ ಗುಂಪಿನ ಅಪ್ಪಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಒಳಗಿನ ಮೈದಾನಕ್ಕೆ ವ್ಯಾಗ್ನರ್ ಫೀಲ್ಡ್ ಅಂತ ಬೇರೆ ಹೆಸರು, ಅದು ದಾನಿಗಳದ್ದು. ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟ್ ಮೇಲೆ ಬರೆಸುತ್ತಾರಲ್ಲ, ಹಾಗೆ.

ತಮಾಷೆ ಏನೆಂದರೆ, 2009ರಲ್ಲಿ ಅವರೇ ವಾಪಸ್ ಬಂದು ಇನ್ನೂ ಹತ್ತು ಸೀಸನ್ ಕೋಚ್ ಆದರು. ತಮ್ಮ ಹೆಸರಿನ ಸ್ಟೇಡಿಯಂನಲ್ಲೇ ನಿಂತು ಸೋಲನ್ನೂ ಅನುಭವಿಸಿದರು. ಒಟ್ಟು 215 ಗೆಲುವು.

ಆದರೂ ಬದುಕಿರುವವರ ಹೆಸರಿಡುವುದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಪೆನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಫುಟ್‌ಬಾಲ್ ಕೋಚ್ ಜೋ ಪಟೆರ್ನೊ ಪ್ರತಿಮೆಯನ್ನು ಅವರು ಬದುಕಿದ್ದಾಗಲೇ ನಿಲ್ಲಿಸಿದ್ದರು. ಅವರ ಮಾಜಿ ಸಹಾಯಕ ಕೋಚ್ ಮಕ್ಕಳ ಮೇಲೆ ನಡೆಸಿದ ದೌರ್ಜನ್ಯ ಹೊರಬಂದ ಮೇಲೆ 2012ರ ಜುಲೈನಲ್ಲಿ ಅದನ್ನು ಕಿತ್ತರು. ಸ್ನೈಡರ್ ವಿಷಯದಲ್ಲಿ ಕ್ಯಾನ್ಸಾಸ್‌ನವರ ಅದೃಷ್ಟ ಚೆನ್ನಾಗಿತ್ತು, ಅಷ್ಟೇ.

ನಿಮ್ಮ ಪ್ರಶ್ನೆಯನ್ನೇ ತಿರುಗಿಸಿ ಕೇಳಲಾ? ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನ ಹೆಸರು ಆಟಗಾರನದ್ದಲ್ಲ, ಕೋಚ್‌ದೂ ಅಲ್ಲ. ಕ್ರಿಕೆಟ್ ಸಂಸ್ಥೆ ನಡೆಸಿದ ವಕೀಲರದ್ದು. ಹುಡುಗ ದ್ರಾವಿಡ್‌ನನ್ನು ತಿದ್ದಿದ ಕೇಕಿ ತಾರಾಪೋರ್ ಅವರನ್ನು ನಮ್ಮಲ್ಲಿ ಎಷ್ಟು ಜನ ನೆನೆಯುತ್ತೇವೆ? ಕಲಿಸಿದವನ ಹೆಸರನ್ನು ಎತ್ತರದಲ್ಲಿ ಬರೆಯುವ ಊರಲ್ಲಿ ಮಗ ಬೆಳೆಯುತ್ತಿದ್ದಾನೆ, ಅದು ಕೆಟ್ಟದ್ದೇನಲ್ಲ. ವಿಜ್ಞಾನಿಗಳ ಹೆಸರೂ ಇರಬೇಕಿತ್ತು ಅನ್ನುವುದು ಸರಿ. ಆ ಜಗಳವನ್ನು ಯೂನಿವರ್ಸಿಟಿ ಜೊತೆ ಮಾಡೋಣ, ಮಗನ ಜೊತೆ ಬೇಡ.

ಅವನಿಗೆ ಸ್ನೈಡರ್ ಬಗ್ಗೆ ಹೇಳುವುದಾದರೆ ಗೆಲುವಿನ ಲೆಕ್ಕಕ್ಕಿಂತ ಆ ಚೀಟಿಗಳ ಕಥೆ ಹೇಳಿ. ಎದುರು ತಂಡದ ಹುಡುಗ ಚೆನ್ನಾಗಿ ಆಡಿದರೆ, ಪೆಟ್ಟು ಮಾಡಿಕೊಂಡರೆ, ನೇರಳೆ ಶಾಯಿಯಲ್ಲಿ ಕೈಯಾರೆ ನಾಲ್ಕು ಸಾಲು ಬರೆದು ಕಳಿಸುತ್ತಿದ್ದರು.

ನೋಡುವುದು ಬೇರೆ, ಆಡಿಸುವುದು ಬೇರೆ. ಮೈಮೇಲೆ ಬಿದ್ದು ಕೆಡವುವ ಟ್ಯಾಕಲ್ ಫುಟ್‌ಬಾಲ್‌ಗೆ ನಾನಂತೂ ಚಿಕ್ಕ ಮಕ್ಕಳನ್ನು ಕಳಿಸುವುದಿಲ್ಲ, ತಲೆಗೆ ಬೀಳುವ ಪೆಟ್ಟು ಸಣ್ಣ ವಿಷಯವಲ್ಲ. ಫ್ಲ್ಯಾಗ್ ಫುಟ್‌ಬಾಲ್ ಇದೆ, ಅಲ್ಲಿ ಸೊಂಟದ ಪಟ್ಟಿ ಎಳೆದರೆ ಸಾಕು. ಗೆಳೆಯರೂ ಸಿಗುತ್ತಾರೆ.

ಮೊದಲ ಸಲ ಹೋಗುವಾಗ ಸೆಪ್ಟೆಂಬರ್‌ನ ಸಣ್ಣ ತಂಡದ ಪಂದ್ಯ ನೋಡಿ, ಟಿಕೆಟ್ ಅಗ್ಗ. ಬ್ಯಾಂಡ್‌ನವರು 'ವಾಬಾಶ್ ಕ್ಯಾನನ್‌ಬಾಲ್' ಹಾಡು ಶುರು ಮಾಡಿದ ಕೂಡಲೇ ಅಕ್ಕಪಕ್ಕದವರು ಒಬ್ಬರು ಮುಂದಕ್ಕೆ ಬಾಗಿದರೆ ಇನ್ನೊಬ್ಬರು ಹಿಂದಕ್ಕೆ ಬಾಗುತ್ತಾರೆ. ಗೊತ್ತಿಲ್ಲದೆ ಸುಮ್ನೆ ನಿಂತರೆ ಪಕ್ಕದವರ ತಲೆ ತಾಗುತ್ತದೆ. ನೇರಳೆ ಅಂಗಿ ಇಲ್ಲದಿದ್ದರೂ ಪರವಾಗಿಲ್ಲ. ಕೆಂಪು-ನೀಲಿ ಮಾತ್ರ ಹಾಕಿಸಬೇಡಿ, ಅದು ಎದುರಾಳಿಗಳಾದ ಲಾರೆನ್ಸ್‌ನ ಕೆಯು (ಯೂನಿವರ್ಸಿಟಿ ಆಫ್ ಕ್ಯಾನ್ಸಾಸ್) ಬಣ್ಣ.