ದಿನವಿಡೀ ಕನ್ನಡ ಟೈಪ್ ಮಾಡೋರಿಗೆ ದುಬಾರಿ ವೈರ್‌ಲೆಸ್ ಕೀಬೋರ್ಡ್ ಬೇಕಾ? ಬಳಸಿದವರು ಹೇಳಿ

ಶಿರಸಿ_ಅನುವಾದಕಿ:

ಎಲ್ಲರಿಗೂ ನಮಸ್ಕಾರ. ನಾನು ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತೇನೆ. ತಿಂಡಿ ಮುಗಿಸಿ ಕೂತರೆ ಸಂಜೆ ತನಕ ಟೈಪಿಂಗೇ. ಬಹುಪಾಲು ಕನ್ನಡ. ಬಳಸೋದು ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸ (ಯಾವ ಕೀಗೆ ಯಾವ ಕನ್ನಡ ಅಕ್ಷರ ಅನ್ನೋದು), ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಇರುತ್ತಲ್ಲ, ಅದೇ ಕಗಪ.

ಕುತ್ತಿಗೆ ನೋವು ಅಂತ ಲ್ಯಾಪ್‌ಟಾಪನ್ನು ಸ್ಟ್ಯಾಂಡ್ ಮೇಲೆ ಏರಿಸಿದ್ದೇನೆ. ಹಾಗಾಗಿ ಬೇರೆ ಕೀಬೋರ್ಡ್ ಬೇಕೇ ಬೇಕು. ಈಗ ಇರೋದು ಐನೂರು ರೂಪಾಯಿಯ ತಂತಿ ಕೀಬೋರ್ಡ್. ಸ್ಪೇಸ್ ಬಾರನ್ನು ಬಲತುದಿಯಲ್ಲಿ ಒತ್ತಿದರೆ ಸಿಕ್ಕಿಕೊಳ್ಳುತ್ತೆ, ನಡುವೆ ಒತ್ತಿದರೆ ಮಾತ್ರ ಸರಿ. ಶಿಫ್ಟ್ ಒತ್ತಿದಾಗ ಇಡೀ ಬೋರ್ಡೇ ಮೇಜಿನ ಮೇಲೆ ಜಾರುತ್ತೆ. ಅದಕ್ಕಿಂತ ತಲೆನೋವು ಅಂದರೆ ಸಂಜೆ ಹೊತ್ತಿಗೆ ಎಡಗೈ ತೋರುಬೆರಳು ಜೋಮು ಹಿಡಿದ ಹಾಗಾಗುತ್ತೆ. ಬಲಗೈಗೆ ಏನೂ ಇಲ್ಲ. ಯಾಕೆ ಎಡಗೈಗೆ ಮಾತ್ರ ಅಂತ ಗೊತ್ತಾಗಿಲ್ಲ.

ಎರಡು ಲ್ಯಾಪ್‌ಟಾಪ್ ಇವೆ. ಒಂದು ಸಂಸ್ಥೆಯವರು ಕೊಟ್ಟಿದ್ದು, ವಿಂಡೋಸ್. ಇನ್ನೊಂದು ನನ್ನದು, ಉಬುಂಟು. ಎರಡಕ್ಕೂ ಒಂದೇ ಕೀಬೋರ್ಡ್ ಆದರೆ ಮೇಜು ಸ್ವಲ್ಪ ಉಸಿರಾಡುತ್ತೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಹೇಳೋಕೆ ಬರಲ್ಲ. ಕೀ ಒಳಗೆ ಬೆಳಕು ಇದ್ದರೆ ಒಳ್ಳೇದು.

ಅಂಗಡಿಯವರನ್ನು ಕೇಳಿದರೆ "ಮೇಡಂ, ಇದು ಪ್ರೀಮಿಯಂ" ಅಂತ ಹತ್ತು ಸಾವಿರ ದಾಟಿದ್ದನ್ನೇ ತೋರಿಸುತ್ತಾರೆ. ಅಷ್ಟು ದುಡ್ಡಿಗೆ ನನ್ನಂಥವಳಿಗೆ ಸಿಗೋದಾದರೂ ಏನು? ಇಂಗ್ಲಿಷ್ ಟೈಪ್ ಮಾಡೋರ ವಿಮರ್ಶೆ ಬೇಕಾದಷ್ಟು ಓದಿದ್ದೇನೆ. ಕನ್ನಡ ಟೈಪ್ ಮಾಡೋರು ಹೇಳಿ.

ಟೆಕ್_ಹುಡುಗ_99:

ಈ ಕಾಲದಲ್ಲಿ ಟೈಪ್ ಯಾಕೆ ಮೇಡಂ? ಮಾತಾಡಿ, ಫೋನೇ ಬರೆದುಕೊಡುತ್ತೆ. ಕನ್ನಡ ಚೆನ್ನಾಗೇ ಹಿಡಿಯುತ್ತೆ.

ಶಿರಸಿ_ಅನುವಾದಕಿ:

ನಲವತ್ತು ಪುಟದ ಕರಾರುಪತ್ರವನ್ನು ದಿನವಿಡೀ ಗಟ್ಟಿಯಾಗಿ ಓದುತ್ತಾ ಕೂತರೆ ನಮ್ಮ ಅತ್ತೆ ನನ್ನನ್ನು ಮನೆಯಿಂದ ಓಡಿಸುತ್ತಾರೆ ತಮ್ಮಾ. ಕೀಬೋರ್ಡ್ ಬಗ್ಗೆ ಗೊತ್ತಿದ್ದರೆ ಹೇಳು.

ಗದಗ_ಡಿಟಿಪಿ:

ಅಕ್ಕಾರ, ನಿಮ್ಮ ಎಡಗೈ ತೋರುಬೆರಳಿನ ಕಥೆ ನನಗೆ ಗೊತ್ತು. ಅದು ಎಫ್ ಕೀ ಕೆಲಸ.

ಕಗಪದಲ್ಲಿ ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಬೇಕಲ್ಲ? "ಸ್ವಾತಂತ್ರ್ಯ" ಅಂತ ನಿಧಾನಕ್ಕೆ ಹೊಡೆದು ನೋಡಿ. ಹನ್ನೊಂದು ಸಲ ಕೀ ಒತ್ತುತ್ತೀರಿ, ಅದರಲ್ಲಿ ಮೂರು ಸಲ ಎಫ್. "ಎತ್ತು", "ಹಕ್ಕಿ", "ಅಪ್ಪ", ಎಲ್ಲದಕ್ಕೂ ಎಫ್. ಇಂಗ್ಲಿಷಿನಲ್ಲಿ ಎಫ್ ಅಪರೂಪದ ಗಿರಾಕಿ. ನಮ್ಮಲ್ಲಿ ಅದು ಅಂಗಡಿ ಬಾಗಿಲು ತೆಗೆಯೋಕೆ ಮುಂಚೆ ಬಂದು ನಿಲ್ಲೋ ಗಿರಾಕಿ. ಆ ಎಲ್ಲ ಒತ್ತೂ ಒಂದೇ ಬೆರಳಿಗೆ ಬೀಳುತ್ತೆ. ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ವಿನ್ಯಾಸ ಬಳಸೋರಿಗೆ ಅದೇ ಕೆಲಸ ಡಿ ಕೀ ಮೇಲೆ, ಅಂದರೆ ನಡುಬೆರಳಿಗೆ. ಇಂಗ್ಲಿಷ್ ವಿಮರ್ಶೆಯಲ್ಲಿ ಇದು ನಿಮಗೆ ಸಿಗೋದೇ ಇಲ್ಲ, ಅವರಿಗೆ ಇದರ ಗೊಡವೆ ಇಲ್ಲ.

ನಿಮ್ಮ ಐನೂರು ರೂಪಾಯಿ ಬೋರ್ಡಿನ ಒಳಗಿರೋದು ರಬ್ಬರ್ ಗುಬುಟು. ಅದು ಪೂರ್ತಿ ಕುಸಿದು ತಳ ಮುಟ್ಟಿದರೆ ಮಾತ್ರ ಅಕ್ಷರ ಮೂಡುತ್ತೆ. ಹಳೇದಾದಂತೆ ರಬ್ಬರ್ ಒಂದೊಂದು ಕೀಗೆ ಒಂದೊಂದು ಥರ ಆಗುತ್ತೆ. ನಿಮಗೆ ಅರಿವಿಲ್ಲದೆ ಎಫ್ ಮೇಲೆ ಜಾಸ್ತಿ ಜೋರು ಹಾಕ್ತಿರುತ್ತೀರಿ.

ನನ್ನ ಅಂಗಡಿಯಲ್ಲಿ ಲಾಜಿಟೆಕ್ ಎಂಎಕ್ಸ್ ಕೀಸ್ ಇದೆ, 2019ರಲ್ಲಿ ಬಂದ ಮೊದಲ ಮಾಡೆಲ್. ಮದುವೆ ಪತ್ರಿಕೆ ಸೀಸನ್ನಿನಲ್ಲಿ ರಾತ್ರಿ ತನಕ ಅದರ ಮೇಲೇ ಕೈ. ಲ್ಯಾಪ್‌ಟಾಪ್ ಥರದ ಕೀ, ಕತ್ತರಿ ಮಾದರಿ ಸ್ವಿಚ್, ಇಳಿತ 1.8 ಮಿಲಿಮೀಟರ್. ಪ್ರತಿ ಕೀ ನಡುವೆ ಬೆರಳ ತುದಿ ಕೂರುವಷ್ಟು ಗುಂಡಗೆ ತಗ್ಗಿದೆ. ಫೋಟೋದಲ್ಲಿ ಅದು ಕಾಣಲ್ಲ, ಮುಟ್ಟಿದರೆ ತಿಳಿಯುತ್ತೆ. ಮೂಲೆ ಒತ್ತಿದರೂ ಕೀ ವಾಲುವುದಿಲ್ಲ. ನಿಮ್ಮ ಸ್ಪೇಸ್ ಬಾರ್ ಸಮಸ್ಯೆಗೆ ಅದೇ ಉತ್ತರ. ತೂಕ 810 ಗ್ರಾಂ, ಶಿಫ್ಟ್ ಎಷ್ಟು ಗುದ್ದಿದರೂ ಜಾರಲ್ಲ.

ಬೆಳಕಿನ ವಿಷಯ. ಕೈ ಹತ್ತಿರ ತಂದರೆ ಹತ್ತಿಕೊಳ್ಳುತ್ತೆ, ಕೈ ತೆಗೆದರೆ ಸ್ವಲ್ಪ ಹೊತ್ತಿಗೆ ಆರುತ್ತೆ. ಕಂಪನಿ ಹೇಳೋ ಲೆಕ್ಕ: ಬೆಳಕು ಇದ್ದರೆ ಒಂದು ಚಾರ್ಜಿಗೆ 10 ದಿನ, ಆರಿಸಿಟ್ಟರೆ 5 ತಿಂಗಳು. ಈ ಎರಡು ಅಂಕಿಯ ನಡುವಿನ ದೂರ ನೋಡಿ. ಬ್ಯಾಟರಿ ತಿನ್ನೋದು ಟೈಪಿಂಗ್ ಅಲ್ಲ, ದೀಪ. ಹಗಲು ಹೊತ್ತು ಆರಿಸಿಟ್ಟು ಕರೆಂಟು ಹೋದಾಗ ಹಚ್ಚಿಕೊಳ್ಳಿ, ಸಾಕು. ಚಾರ್ಜ್ ಇಳಿದರೂ ಕೆಲಸ ನಿಲ್ಲಲ್ಲ, ಟೈಪ್-ಸಿ ಕೇಬಲ್ ಚುಚ್ಚಿಕೊಂಡೇ ಹೊಡೆಯಬಹುದು.

ಮೂರು ಕಂಪ್ಯೂಟರಿಗೆ ಜೋಡಿಸಬಹುದು. 1, 2, 3 ಅಂತ ಮೂರು ಕೀ ಇವೆ. ಒಂದು ಒತ್ತಿದರೆ ವಿಂಡೋಸ್, ಇನ್ನೊಂದು ಒತ್ತಿದರೆ ನಿಮ್ಮ ಉಬುಂಟು.

ಇಷ್ಟು ಹೇಳಿ, ಒಂದು ತಕರಾರು. ಹಿಂಬದಿಯಲ್ಲಿ ಎತ್ತರ ಬದಲಿಸೋ ಕಾಲು ಇಲ್ಲ. ಇರೋ ಇಳಿಜಾರಿಗೇ ನಿಮ್ಮ ಕೈ ಒಗ್ಗಬೇಕು. ನನಗೆ ಒಗ್ಗಿತು. ನಮ್ಮ ಹುಡುಗನಿಗೆ ಒಗ್ಗಲಿಲ್ಲ, ಅವನು ಈಗಲೂ ಹಳೆ ತಂತಿ ಬೋರ್ಡಿನಲ್ಲೇ ಖುಷಿಯಾಗಿದ್ದಾನೆ.

ಬೆರಳು ಜೋಮು ಅಂದಿರಲ್ಲ, ಅದು ರಾತ್ರಿಯೂ ಬಿಡದೇ ಇದ್ದರೆ ಡಾಕ್ಟರಿಗೆ ತೋರಿಸಿ. ಕೀಬೋರ್ಡ್ ಔಷಧ ಅಲ್ಲ.

ಕುಡ್ಲ_ಕ್ಲಿಕ್:

ಗದಗದ ಸರ್ ಹೇಳಿದ್ದು ಒಪ್ಪುತ್ತೇನೆ, ಆದರೆ ಎಫ್ ಕೀ ನೋವೇ ಮುಖ್ಯ ಅಂದರೆ ಮೆಕ್ಯಾನಿಕಲ್ ನೋಡಿ, ಅಂದರೆ ಪ್ರತಿ ಕೀ ಕೆಳಗೂ ಸ್ಪ್ರಿಂಗ್ ಇರೋ ಪ್ರತ್ಯೇಕ ಸ್ವಿಚ್ ಇರೋದು. ನನ್ನದು ಕೀಕ್ರಾನ್ ಕೆ2, 84 ಕೀ, ಬ್ಲೂಟೂತ್. ಇದೂ ಮೂರು ಸಾಧನಕ್ಕೆ ಜೋಡಿಯಾಗುತ್ತೆ. ಬೇಡ ಅನ್ನಿಸಿದಾಗ ಕೇಬಲ್ ಹಾಕಿ ತಂತಿ ಕೀಬೋರ್ಡ್ ಥರವೂ ಬಳಸಬಹುದು.

ಕೆಂಪು ಸ್ವಿಚ್ ಅಂತ ಕರೆಯೋದರ ಲೆಕ್ಕ ಹೀಗಿದೆ. ಚೆರ್ರಿ ಕಂಪನಿಯ ಕೆಂಪು ಸ್ವಿಚ್ಚಿನಲ್ಲಿ ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತೆ, ಆದರೆ 2 ಮಿಲಿಮೀಟರಿಗೇ ಅಕ್ಷರ ಮೂಡಿರುತ್ತೆ. ಬೇಕಾದ ಒತ್ತಡ ಸುಮಾರು 45 ಗ್ರಾಂ. ಅಂದರೆ ತಳ ಮುಟ್ಟಿಸಬೇಕಾಗಿಲ್ಲ. ಅಭ್ಯಾಸ ಆದಮೇಲೆ ಬೆರಳು ಕೀಗಳ ಮೇಲ್ಮೇಲೇ ಓಡುತ್ತೆ. ನೀಲಿ ಸ್ವಿಚ್ ಮಾತ್ರ ಮನೆಗೆ ತರಬೇಡಿ. ಪ್ರತಿ ಅಕ್ಷರಕ್ಕೂ ಟಿಕ್ ಟಿಕ್. ಅತ್ತೆ ಇದ್ದಾರೆ ಅಂದಿರಲ್ವಾ!

ಸ್ವಿಚ್ ಕಿತ್ತು ಹಾಕೋಕೆ ಬರೋ ಮಾಡೆಲ್ ತಗೊಳ್ಳಿ, ಹಾಟ್ ಸ್ವಾಪ್ ಅಂತ ಬಾಕ್ಸ್ ಮೇಲೆ ಬರೆದಿರುತ್ತೆ. ನಾಳೆ ಎಫ್ ಒಂದೇ ಕೆಟ್ಟರೆ ಅದೊಂದೇ ಸ್ವಿಚ್ ಬದಲಿಸಿದರಾಯಿತು. ಕೀ ಮೇಲಿನ ಟೋಪಿ ಪಿಬಿಟಿ ಪ್ಲಾಸ್ಟಿಕ್ ಇರಲಿ. ಎಬಿಎಸ್ ಆದರೆ ಜಾಸ್ತಿ ಒತ್ತೋ ಕೀಗಳು ಬೇಗ ನುಣುಪಾಗಿ ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತವೆ.

ಎರಡು ಎಚ್ಚರಿಕೆ. ಈ ಬೋರ್ಡುಗಳು ದಪ್ಪ. ಮಣಿಕಟ್ಟಿನ ಕೆಳಗೆ ದಿಂಬು ಇಡದೇ ಇದ್ದರೆ ಬೆರಳಿನ ನೋವು ಮಣಿಕಟ್ಟಿಗೆ ಹೋಗುತ್ತೆ. ಇನ್ನೊಂದು, ಇರುವೆ. ಕರಾವಳಿ, ಮಲೆನಾಡಿನವರಿಗೆ ಹೇಳಬೇಕಿಲ್ಲ. ಕೀಗಳ ಸಂದಿ ದೊಡ್ಡದು. ಚಕ್ಕುಲಿ ಪುಡಿ ಒಳಗೆ ಬಿದ್ದರೆ ಸಾಲುಗಟ್ಟಿ ಬರುತ್ತವೆ. ರಾತ್ರಿ ಒಂದು ಬಟ್ಟೆ ಮುಚ್ಚಿಡಿ.

ಮ್ಯೂನಿಕ್_ಮಂಡ್ಯ:

ಹೊರದೇಶದಲ್ಲಿ ನೆಂಟರಿದ್ದು ಅವರ ಕೈಲಿ ತರಿಸೋ ಯೋಚನೆ ಇದ್ದರೆ ಒಂದು ಮಾತು. ಜರ್ಮನಿಯಲ್ಲಿ ಮಾರೋದು ಜರ್ಮನ್ ಕೀಬೋರ್ಡ್. ವೈ ಇರೋ ಕಡೆ ಜೆಡ್, ಜೆಡ್ ಇರೋ ಕಡೆ ವೈ. ಕಂಪ್ಯೂಟರಿನಲ್ಲಿ ಕಗಪ ಹಾಕಿಕೊಂಡರೆ ಯ ಹಳೇ ಜಾಗದಲ್ಲೇ ಬರುತ್ತೆ, ಕೀ ಮೇಲಿನ ಅಕ್ಷರ ಮಾತ್ರ ಬೇರೆ. ನೋಡದೆ ಹೊಡೆಯೋರಿಗೆ ಪರವಾಗಿಲ್ಲ.

ನಿಜವಾದ ತೊಂದರೆ ಎಡ ಶಿಫ್ಟ್. ಜರ್ಮನಿ, ಬ್ರಿಟನ್ನಿನ ಕೀಬೋರ್ಡುಗಳಲ್ಲಿ ಎಡಗಡೆ ಶಿಫ್ಟ್ ಮೊಟಕು. ಅದರ ಪಕ್ಕ ಇನ್ನೊಂದು ಕೀ ತುರುಕಿರುತ್ತಾರೆ. ಕಗಪದಲ್ಲಿ ಖ, ಘ, ದೀರ್ಘ, ಅನುಸ್ವಾರ ಎಲ್ಲಕ್ಕೂ ಶಿಫ್ಟ್ ಬೇಕು. ನನ್ನ ಕಿರುಬೆರಳು ಇವತ್ತಿಗೂ ಆ ಪಕ್ಕದ ಕೀ ಮೇಲೆ ಬೀಳುತ್ತೆ. ಭಾರತದಲ್ಲಿ ಸಿಗೋ ಅಮೆರಿಕನ್ ಲೇಔಟಿನಲ್ಲಿ ಎಡ ಶಿಫ್ಟ್ ಉದ್ದಕ್ಕಿದೆ. ಅಲ್ಲೇ ತಗೊಳ್ಳಿ, ವಾರಂಟಿಯೂ ಅಲ್ಲೇ ಸಿಗುತ್ತೆ.

ಶಿರಸಿ_ಅನುವಾದಕಿ:

ಎಫ್ ವಿಷಯ ಓದಿ ನಿಜಕ್ಕೂ ಬೆರಗಾದೆ. ಈಗಷ್ಟೇ ಒಂದು ಪ್ಯಾರಾ ಹೊಡೆಯುತ್ತಾ ಬೆರಳನ್ನೇ ನೋಡಿದೆ. ಹೌದು, ಬೇರೆ ಬೆರಳುಗಳು ಮುಟ್ಟುತ್ತವೆ ಅಷ್ಟೇ, ಅದು ಮಾತ್ರ ಗುದ್ದುತ್ತಿದೆ. ಬೋರ್ಡಿನ ಮೇಲೆ ಎಫ್ ಅಕ್ಷರ ಅಳಿಸೇ ಹೋಗಿದೆ. ಬೆರಳಿಗೆ ಸಿಗಲಿ ಅಂತ ಇರೋ ಆ ಸಣ್ಣ ಉಬ್ಬುಗೆರೆ ಕೂಡ ಜೆ ಮೇಲೆ ಚೂಪಾಗಿದೆ, ಎಫ್ ಮೇಲೆ ಸವೆದಿದೆ.

ಇನ್ನೊಂದು ಕೇಳೋದಿದೆ. ಗೆಳತಿಯೊಬ್ಬಳು ದುಬಾರಿ ವೈರ್‌ಲೆಸ್ ಕೀಬೋರ್ಡ್ ಕೊಂಡಿದ್ದಳು, ಯಾವ ಕಂಪನಿ ಅನ್ನೋದು ಬೇಡ. ಒಮ್ಮೊಮ್ಮೆ ಅಕ್ಷರ ನುಂಗುತ್ತೆ, ಒಮ್ಮೊಮ್ಮೆ ಒಂದೇ ಅಕ್ಷರ ಸಾಲುಗಟ್ಟಿ ಬೀಳುತ್ತೆ. ಕನ್ನಡದಲ್ಲಿ ಎಫ್ ಒಂದು ತಪ್ಪಿದರೆ "ಅಪ್ಪ" ಹೋಗಿ "ಅಪಪ" ಆಗುತ್ತೆ. ಸರ್ವಿಸಿನವರು ಪರೀಕ್ಷೆ ಮಾಡಿ "ಎಲ್ಲ ಸರಿ ಇದೆ" ಅಂತ ವಾಪಸ್ ಕಳಿಸಿದರು. ಮನೆಗೆ ತಂದರೆ ಮತ್ತೆ ಅದೇ. ಇದು ವೈರ್‌ಲೆಸ್‌ನ ಹಣೆಬರಹವಾ?

ಹೆಬ್ಬಾಳ_ಹಾರ್ಡ್‌ವೇರ್:

ಸರ್ವಿಸಿನವರು ಸುಳ್ಳು ಹೇಳಿರಲಿಕ್ಕಿಲ್ಲ. ಅವರ ಮೇಜಿನ ಮೇಲೆ ಅದು ಸರಿಯಾಗೇ ಓಡಿರುತ್ತೆ. ನಿಮ್ಮ ಗೆಳತಿ ರಿಸೀವರ್, ಅಂದರೆ ಕೀಬೋರ್ಡಿನ ಸಂಕೇತ ಹಿಡಿಯೋ ಆ ಸಣ್ಣ ಯುಎಸ್‌ಬಿ ತುಂಡು, ಎಲ್ಲಿ ಚುಚ್ಚಿದ್ದಾರೆ ಕೇಳಿ. ಒಳಗೆ ನೀಲಿ ಬಣ್ಣ ಇರೋ ಯುಎಸ್‌ಬಿ 3 ಪೋರ್ಟಿನಲ್ಲಾ? ಪಕ್ಕದಲ್ಲಿ ಹಾರ್ಡ್ ಡಿಸ್ಕ್ ಇದೆಯಾ?

ಈ ರಿಸೀವರ್‌ಗಳೂ ಬ್ಲೂಟೂತೂ ಮಾತಾಡೋದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಯುಎಸ್‌ಬಿ 3 ಪೋರ್ಟ್, ಕೇಬಲ್ ಕೆಲಸ ಮಾಡುವಾಗ ಅದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತೆ. ಇದು ನನ್ನ ಊಹೆ ಅಲ್ಲ, ಇಂಟೆಲ್ ಕಂಪನಿಯೇ 2012ರಲ್ಲಿ ಅಳತೆ ಮಾಡಿ ವರದಿ ಹಾಕಿದೆ. ಫೈಲ್ ಕಾಪಿ ಮಾಡುವಾಗ ಅಕ್ಷರ ಜಾಸ್ತಿ ನುಂಗುತ್ತೆ ಅಂತಾದರೆ ಅದೇ ಕಾಯಿಲೆ. ಪರಿಹಾರ ಬಹಳ ಸುಲಭ. ಚಿಕ್ಕದೊಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ರಿಸೀವರನ್ನು ಲ್ಯಾಪ್‌ಟಾಪಿನಿಂದ ಒಂದು ಗೇಣು ದೂರಕ್ಕೆ, ಕೀಬೋರ್ಡಿನ ಎದುರಿಗೆ ತನ್ನಿ. ಅಥವಾ ಇನ್ನೊಂದು ಬದಿಯ ಯುಎಸ್‌ಬಿ 2 ಪೋರ್ಟಿಗೆ ಹಾಕಿ.

ಸುಮ್ಮನೆ ಬಿಟ್ಟು ಎದ್ದು ಹೋಗಿ ಬಂದಾಗ ಮೊದಲ ಅಕ್ಷರ ಮಾತ್ರ ತಪ್ಪಿದರೆ ಅದು ಬೇರೆ. ಬ್ಯಾಟರಿ ಉಳಿಸೋಕೆ ಕೀಬೋರ್ಡ್ ನಿದ್ದೆ ಹೋಗಿರುತ್ತೆ. ಒಮ್ಮೆ ಶಿಫ್ಟ್ ತಟ್ಟಿ ಎಬ್ಬಿಸಿ, ಆಮೇಲೆ ಶುರು ಮಾಡಿ.

ಲಾಜಿಟೆಕ್ ತಗೊಂಡರೆ ರಿಸೀವರ್ ನೋಡಿಕೊಳ್ಳಿ. ಹಳೇದು ಯೂನಿಫೈಯಿಂಗ್, 2021ರಿಂದ ಬಂದದ್ದು ಬೋಲ್ಟ್. ಒಂದಕ್ಕೊಂದು ಹೊಂದಲ್ಲ. ಎಂಎಕ್ಸ್ ಕೀಸ್ ಮೊದಲ ಮಾಡೆಲ್ ಯೂನಿಫೈಯಿಂಗ್, 2023ರ ಎಸ್ ಮಾಡೆಲ್ ಬೋಲ್ಟ್. ಬ್ಲೂಟೂತ್ ಎರಡರಲ್ಲೂ ಇದೆ. ಆದರೂ ರಿಸೀವರ್ ಎಸೆಯಬೇಡಿ. ಸಂಸ್ಥೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಏಳೋ ಮುಂಚೆ ಪಿನ್ ಕೇಳುತ್ತಾ? ಆಗ ಬ್ಲೂಟೂತ್ ಇನ್ನೂ ಎದ್ದಿರಲ್ಲ. ರಿಸೀವರ್ ಆದರೆ ಮಾಮೂಲಿ ಕೀಬೋರ್ಡ್ ಥರ ಕೆಲಸ ಮಾಡುತ್ತೆ.

ಗದಗ_ಡಿಟಿಪಿ:

ಹೆಬ್ಬಾಳದವರ ಎಕ್ಸ್‌ಟೆನ್ಷನ್ ಮಾತು ಬಂಗಾರ. ನಮ್ಮ ಅಂಗಡಿಯಲ್ಲಿ ರಿಸೀವರ್ ಸಿಪಿಯು ಹಿಂದೆ, ಗೋಡೆಗೆ ಅಂಟಿಕೊಂಡಿತ್ತು. ಮುಂದಕ್ಕೆ ತಂದ ಮೇಲೆ ಒಂದಕ್ಷರ ತಪ್ಪಿಲ್ಲ.

ಅಕ್ಕಾರ, ಇನ್ನೊಂದು ಮರೆಯಬೇಡಿ. ನೀವು ನುಡಿ ತಂತ್ರಾಂಶದಲ್ಲೇ ಹೊಡೆಯೋದಾದರೆ ಕನ್ನಡ-ಇಂಗ್ಲಿಷ್ ಬದಲಿಸೋಕೆ ಸ್ಕ್ರಾಲ್ ಲಾಕ್ ಒತ್ತೋ ರೂಢಿ ಇರುತ್ತಲ್ಲ? ಇಂಥ ನವೀನ ಬೋರ್ಡುಗಳಲ್ಲಿ, ಅದರಲ್ಲೂ 84 ಕೀ ಇರೋದರಲ್ಲಿ, ಆ ಕೀ ಹುಡುಕಿದರೂ ಸಿಗದೇ ಇರಬಹುದು. ಕೊಳ್ಳೋ ಮುಂಚೆ ಫೋಟೋ ದೊಡ್ಡದು ಮಾಡಿ ನೋಡಿ.

ಶಿರಸಿ_ಅನುವಾದಕಿ:

ನುಡಿ ಬಿಟ್ಟೆ ಸರ್, ಈಗ ಎಲ್ಲ ಯುನಿಕೋಡ್. ಹಾಗಾಗಿ ಸ್ಕ್ರಾಲ್ ಲಾಕ್ ಚಿಂತೆ ಇಲ್ಲ. ಉಬುಂಟುವಿನಲ್ಲಿ ಇದೆಲ್ಲ ನಡೆಯುತ್ತಾ ಅನ್ನೋದೊಂದು ಉಳಿದಿದೆ. ಮತ್ತೆ ಕೈಯಲ್ಲಿ ಮುಟ್ಟಿ ನೋಡದೆ ಇಷ್ಟು ದುಡ್ಡು ಹಾಕೋಕೆ ಧೈರ್ಯ ಬರ್ತಿಲ್ಲ. ಶಿರಸಿಯಲ್ಲಿ ನಾನು ಕೇಳಿದ ಕಡೆಯೆಲ್ಲ ಪ್ಯಾಕ್ ಮಾಡಿದ ಬಾಕ್ಸ್ ಮಾತ್ರ ತೋರಿಸುತ್ತಾರೆ.

ಹೆಬ್ಬಾಳ_ಹಾರ್ಡ್‌ವೇರ್:

ನಡೆಯುತ್ತೆ. ಯಾವ ಅಕ್ಷರ ಎಲ್ಲಿ ಅನ್ನೋದು ಕಂಪ್ಯೂಟರಿನ ಕೆಲಸ, ಕೀಬೋರ್ಡಿನದ್ದಲ್ಲ. ಉಬುಂಟು ಸೆಟ್ಟಿಂಗ್ಸಿನಲ್ಲಿ ಕೀಬೋರ್ಡ್ ಪಟ್ಟಿಗೆ ಹೋಗಿ ಕನ್ನಡ ಹುಡುಕಿದರೆ ಕಗಪ ಅಂತಲೇ ಸಿಗುತ್ತೆ. ಲಾಜಿಟೆಕ್‌ನವರ ಸ್ವಂತ ತಂತ್ರಾಂಶ ಲಿನಕ್ಸಿಗೆ ಇಲ್ಲ. ಸೋಲಾರ್ (Solaar) ಅಂತ ಒಂದು ಉಚಿತ ತಂತ್ರಾಂಶ ಇದೆ, ಬ್ಯಾಟರಿ ಎಷ್ಟು ಉಳಿದಿದೆ ಅಂತ ಅದರಲ್ಲಿ ಕಾಣುತ್ತೆ.

ಮುಟ್ಟಿ ನೋಡೋಕೆ ಬೆಂಗಳೂರಿಗೆ ಬಂದಾಗ ಕಂಪ್ಯೂಟರ್ ಅಂಗಡಿಗಳಿರೋ ಎಸ್.ಪಿ. ರೋಡಿಗೆ ಬನ್ನಿ. ಡಿಸ್‌ಪ್ಲೇಗೆ ಇಟ್ಟಿರೋ ಪೀಸ್ ಕೇಳಿ. ಒತ್ತಿ ನೋಡೋರು ಇಂಗ್ಲಿಷಿನಲ್ಲಿ ಹೆಸರು ಹೊಡೆದು ಮುಗಿಸುತ್ತಾರೆ. ನೀವು ಫೋನಿಗೆ ಜೋಡಿಸಿ ಕೂತು ಎಫ್ ಮತ್ತು ಎಡ ಶಿಫ್ಟ್ ಎರಡನ್ನೇ ಹತ್ತು ನಿಮಿಷ ಒತ್ತಿ. ಅಂಗಡಿಯವನು ಗುರಾಯಿಸಿದರೆ ಗುರಾಯಿಸಲಿ. ಬಿಲ್ ಜಿಎಸ್‌ಟಿ ಸಮೇತ ನಿಮ್ಮ ಹೆಸರಲ್ಲೇ ಮಾಡಿಸಿ, ವಾರಂಟಿಗೆ ಅದನ್ನೇ ಕೇಳೋದು.

ಗದಗ_ಡಿಟಿಪಿ:

ಬೆಂಗಳೂರು ದೂರ ಆದರೆ ಗದಗಿಗೆ ಬರ್ರಿ ಅಕ್ಕಾರ. ನಮ್ಮದು ಬಾಕ್ಸ್ ತೆಗೆದದ್ದೇ ಇದೆ, ಅರ್ಧ ದಿನ ಕೂತು ನಿಮ್ಮ ಕೆಲಸ ಮಾಡಿ ನೋಡಿ. ಭಾನುವಾರ ಮಾತ್ರ ಬರಬೇಡಿ, ಅಂಗಡಿ ಮುಚ್ಚಿರುತ್ತೆ.