ಹಳೇ ಚರ್ಚಾತಾಣಕ್ಕೆ ಹೊಸ ರೂಪ: ಹಳಬರು ಕೈಬಿಡದ ಹಾಗೆ ಮಾಡೋದು ಹೇಗೆ?

ಮೂಡಿಗೆರೆ_ತೋಟ:
ಕಾಫಿ, ಮೆಣಸು ಬೆಳೆಗಾರರ ತಾಣವೊಂದನ್ನು ಪಿಎಚ್‌ಪಿಬಿಬಿಯಿಂದ ಡಿಸ್ಕೋರ್ಸ್‌ಗೆ (ಎರಡೂ ಚರ್ಚಾತಾಣ ನಡೆಸೋ ತಂತ್ರಾಂಶಗಳು) ಸಾಗಿಸಬೇಕಿದೆ. ಈಗಿನದನ್ನು ಮೊಬೈಲಲ್ಲಿ ಓದೋಕಾಗಲ್ಲ ಅಂತ ಹೊಸಬರು, ಏನೂ ಮುಟ್ಟಬೇಡಿ ಅಂತ ಹಳಬರು. ದಿನಾ ಮಳೆ ಲೆಕ್ಕ ಹಾಕೋರು, ಗಿಡದ ಕಾಂಡ ಕೊರೆಯೋ ಹುಳು ಕಾಂಡಕೊರಕದ ಫೋಟೊ ನೋಡಿ ಉತ್ತರ ಕೊಡೋರು ಹಳಬರೇ. ಯಾವುದನ್ನು ಮೊದಲು ನೋಡಿಕೊಳ್ಳಬೇಕು?

ಕೊಪ್ಪ_ಹೂಮಳೆ:
ಮಳೆ ಲೆಕ್ಕದ ಎಳೆಯಿಂದಲೇ (ಒಂದೇ ವಿಷಯದ ಬರಹಗಳ ಸಾಲು, ಥ್ರೆಡ್) ಶುರುಮಾಡಿ ಸರ್. ಅಲ್ಲಿ ಜನ ಬರೆಯೋದು ಒಂದೇ ಸಾಲು: "ಕಳಸ 1.20", ಅಂದರೆ ಒಂದು ಇಂಚು ಇಪ್ಪತ್ತು ಸೆಂಟ್ಸ್ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ). ಡಿಸ್ಕೋರ್ಸ್‌ನಲ್ಲಿ ಒಂದು ಬರಹಕ್ಕೆ ಕನಿಷ್ಠ 20 ಅಕ್ಷರ ಬೇಕು ಅನ್ನೋದು ಮೊದಲೇ ಇಟ್ಟಿರೋ ನಿಯಮ. ಆ ಸಾಲು ಹಾಕಿದ ಕೂಡಲೇ "ತುಂಬಾ ಚಿಕ್ಕದು" ಅಂತ ವಾಪಸ್ ಬರುತ್ತೆ. ಎರಡು ಸಲ ಹಾಗಾದರೆ ಆ ಮನುಷ್ಯ ಮೂರನೇ ಸಲ ಬರೆಯಲ್ಲ, ದೂರನ್ನೂ ಹೇಳಲ್ಲ. ಮಿನ್ ಪೋಸ್ಟ್ ಲೆಂತ್ ಅನ್ನೋ ಸೆಟ್ಟಿಂಗನ್ನು 5ಕ್ಕೆ ಇಳಿಸಿ. ಒಂದು ಎಳೆಯಲ್ಲಿ 10,000 ಬರಹ ತುಂಬಿದರೆ ಅದು ತಾನಾಗೇ ಮುಚ್ಚಿಕೊಳ್ಳುತ್ತೆ, ಅದಕ್ಕೂ ಬೇರೆ ಸೆಟ್ಟಿಂಗ್ ಇದೆ. ವರ್ಷಕ್ಕೊಂದು ಮಳೆ ಎಳೆ ಮಾಡೋದು ಇನ್ನೂ ವಾಸಿ.

ಆಮೇಲೆ ಸಾಲುಗಳ ನಡುವಿನ ಜಾಗ. ಹಳೇ ಪುಟದಲ್ಲಿ ಕಣ್ಣು ಹಾಯಿಸಿದರೆ ಬಾಳೆಹೊನ್ನೂರಿಂದ ಸಕಲೇಶಪುರದವರೆಗಿನ ಮಳೆ ಒಟ್ಟಿಗೆ ಕಾಣುತ್ತೆ. ಪ್ರತಿ ಸಾಲಿಗೂ ದೊಡ್ಡ ಚಿತ್ರ, ಗುಂಡಿ, ಖಾಲಿ ಜಾಗ ಬಂದರೆ ಒಂದು ಪರದೆಗೆ ಮೂರೋ ನಾಲ್ಕೋ. ಹಳಬರು "ಚೆನ್ನಾಗಿಲ್ಲ" ಅನ್ನೋದು ಬಣ್ಣಕ್ಕಲ್ಲ, ಇದಕ್ಕೆ.

ಹಾಸನ_ಸರ್ವರ್:
ಮೇಲಿನದು ಸರಿ, ಆದರೆ ಹಳೇ ಕೊಂಡಿಗಳು ಮುರಿದರೆ ನಷ್ಟ ಇನ್ನೂ ದೊಡ್ಡದು. ಪಿಎಚ್‌ಪಿಬಿಬಿ ವಿಳಾಸದಲ್ಲಿ ಎಳೆಯ ಸಂಖ್ಯೆ ಪ್ರಶ್ನೆ ಚಿಹ್ನೆಯ ನಂತರ ಇರುತ್ತೆ. ವೆಬ್ ಸರ್ವರ್ ತಂತ್ರಾಂಶ ಎನ್‌ಜಿನ್‌ಎಕ್ಸ್‌ನ ಲೊಕೇಶನ್ ಸಾಲು ಆ ಭಾಗವನ್ನು ನೋಡೋದೇ ಇಲ್ಲ, ಹಳೇ ಸಂಖ್ಯೆಗೆ ಹೊಸ ವಿಳಾಸ ಜೋಡಿಸೋ ಮ್ಯಾಪ್ ಬರೆದು 301 (ಪುಟ ಕಾಯಂ ಆಗಿ ಬೇರೆಡೆ ಹೋಗಿದೆ ಅನ್ನೋ ಸೂಚನೆ) ಕೊಡಬೇಕು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಬೇಡಿ. ಕೊಳೆರೋಗಕ್ಕೆ ಸಿಂಪಡಿಸೋ ಬೋರ್ಡೋ ದ್ರಾವಣದ ಅಳತೆ (100 ಲೀಟರ್ ನೀರಿಗೆ ಮೈಲುತುತ್ತು 1 ಕೆಜಿ, ಸುಣ್ಣ 1 ಕೆಜಿ) ಹುಡುಕಿ ಬಂದವನಿಗೆ ಮುಖಪುಟದಿಂದ ಏನು ಪ್ರಯೋಜನ?

ನುಡಿ ಫಾಂಟಿನ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ತೋರಿಸೋ ಹಳೇ ಫಾಂಟ್) ಹಳೇ ಬರಹ ಇದೆಯಾ ನೋಡಿ. ಹೊಸ ಥೀಮಿನಲ್ಲಿ ಆ ಫಾಂಟ್ ಇರಲ್ಲ, ಆಗ "ಕ" ಅನ್ನೋದು ಇಂಗ್ಲಿಷಿನ ಪಿ ಪಕ್ಕ ತಲೆ ಮೇಲೆ ಗೀಟಿರೋ ಎ ಆಗಿ ಕಾಣುತ್ತೆ. ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತು ನೋಡಿಕೊಳ್ಳಿ: ನುಡಿಯಲ್ಲಿ ಅದು ಸೇರೋ ಅಕ್ಷರದ ನಂತರ ಕೂತಿರುತ್ತೆ, ಯೂನಿಕೋಡಿನಲ್ಲಿ ಮೊದಲು ಬರಬೇಕು. ನಡುವೆ ಇಂಗ್ಲಿಷಲ್ಲೇ ಬರೆದ ಔಷಧಿ ಹೆಸರುಗಳೂ ಕನ್ನಡವಾಗಿ ಕೆಟ್ಟುಹೋಗುತ್ತವೆ, ಅವನ್ನು ಬೇರ್ಪಡಿಸಿ. ಮೂಲ ಪ್ರತಿ ಅಳಿಸಲೇಬೇಡಿ.

ಪಾಸ್‌ವರ್ಡ್ ಸಾಮಾನ್ಯವಾಗಿ ಜೊತೆಗೆ ಬರಲ್ಲ, ಎಲ್ಲರೂ ಇಮೇಲಿಂದ ಹೊಸದು ಪಡೆಯಬೇಕು. ಎಷ್ಟೋ ಜನರ ಹಳೇ ಇಮೇಲ್ ಈಗ ಇರೋದೇ ಇಲ್ಲ. ಸಾಗಿಸೋ ಎರಡು ತಿಂಗಳು ಮುಂಚೆ, ಹಳೇ ತಾಣದ ನೆತ್ತಿ ಮೇಲೇ "ಇಮೇಲ್ ಸರಿಮಾಡಿಕೊಳ್ಳಿ" ಅಂತ ಹಾಕಿ.

ಆಲ್ದೂರು_ರೋಬಸ್ಟಾ:
2010ರ ಆಗಸ್ಟಿನಲ್ಲಿ ಸುದ್ದಿ ಕೊಂಡಿ ಹಂಚಿಕೊಳ್ಳೋ ತಾಣ ಡಿಗ್ ತನ್ನ ನಾಲ್ಕನೇ ರೂಪ ತಂದಾಗ ಬಳಕೆದಾರರ ಕೈಲಿದ್ದ "ಬರಿ" (bury, ಇಷ್ಟವಾಗದ್ದನ್ನು ಕೆಳಕ್ಕೆ ತಳ್ಳೋ) ಗುಂಡಿಯನ್ನೇ ತೆಗೆದುಹಾಕಿತು, ಜನ ಗುಂಪುಗುಂಪಾಗಿ ಅಂಥದ್ದೇ ಇನ್ನೊಂದು ತಾಣ ರೆಡ್ಡಿಟ್‌ಗೆ ಹೋದರು. ರೆಡ್ಡಿಟ್ 2018ರಲ್ಲಿ ರೂಪ ಬದಲಿಸಿದಾಗ ಹಳೆಯದನ್ನು ಬೇರೆ ವಿಳಾಸದಲ್ಲಿ ಉಳಿಸಿತು. ನಿಮ್ಮಲ್ಲೂ ಹಳೇ ತಾಣವನ್ನು ಓದಲಿಕ್ಕೆ ಮಾತ್ರ ಒಂದು ವರ್ಷ ತೆರೆದಿಡಿ.

ಮೂಡಿಗೆರೆ_ತೋಟ:
ಯಾವ ತಿಂಗಳು ಒಳ್ಳೇದು?

ಕೊಪ್ಪ_ಹೂಮಳೆ:
ಫೆಬ್ರವರಿಯಿಂದ ಏಪ್ರಿಲ್ ಬೇಡವೇ ಬೇಡ, ಕಾಫಿ ಹೂ ಅರಳಿಸೋ ಹೂಮಳೆಗೆ ಎಲ್ಲರೂ ಕಾಯ್ತಿರ್ತಾರೆ. ಜೂನ್, ಜುಲೈ ಕರೆಂಟೇ ಇರಲ್ಲ. ನವೆಂಬರಿಂದ ಕುಯ್ಲು. ಸೆಪ್ಟೆಂಬರ್ ಕೊನೆಗೆ ಮಾಡಿ. ಅದಕ್ಕೂ ಮೊದಲು ದಿನಾ ಮಳೆ ಬರೆಯೋ ಹತ್ತು ಜನರಿಗೆ ಅವರದೇ ಫೋನಲ್ಲಿ, ತೋಟದ ಸಿಗ್ನಲ್ಲಿನಲ್ಲಿ, ಒಂದು ವಾರ ಬಳಸೋಕೆ ಕೊಡಿ.