ದಿನಾ ಬೈಬಲ್ ಓದುತ್ತೇನೆ, ಆದರೆ ಸಂತೋಷ ಎಲ್ಲಿ?

ಹುಬ್ಬಳ್ಳಿ ಓದುಗಿ

ಎಲ್ಲರಿಗೂ ವಂದನೆಗಳು. ಒಂದು ವಿಷಯ ಕೇಳಬೇಕಿತ್ತು. ನಮ್ಮ ಸಭೆಯಲ್ಲಿ ಕೇಳಲು ಯಾಕೋ ಮುಜುಗರ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಜನವರಿಯಿಂದ, ಒಂದು ವರ್ಷದಲ್ಲಿ ಇಡೀ ಬೈಬಲ್ ಮುಗಿಸುವ ಪಟ್ಟಿ ಇಟ್ಟುಕೊಂಡು ಓದುತ್ತಿದ್ದೇನೆ. ಒಟ್ಟು 1189 ಅಧ್ಯಾಯ, ಅಂದರೆ ದಿನಕ್ಕೆ ಮೂರೋ ನಾಲ್ಕೋ. ಮಕ್ಕಳ ಡಬ್ಬಿ ಕಟ್ಟಿ, ಅವರನ್ನು ಸ್ಕೂಲ್ ವ್ಯಾನ್ ಹತ್ತಿಸಿ, ನಾನು ಆಫೀಸಿಗೆ ಹೊರಡುವ ಮುಂಚೆ ಸಿಗುವ ಸ್ವಲ್ಪ ಹೊತ್ತಿನಲ್ಲೇ ಅಷ್ಟೂ ಆಗಬೇಕು. ಆದಿಕಾಂಡ ಕಥೆ ಓದಿದ ಹಾಗೆ ಓಡಿತು. ವಿಮೋಚನಕಾಂಡದಲ್ಲಿ ಗುಡಾರದ ಅಳತೆ, ಪರದೆ, ಕೊಂಡಿ ಅಂತ ಶುರುವಾಯಿತಲ್ಲ, ಅಲ್ಲಿಂದ ಎಳೆಯುತ್ತಾ ಇದ್ದೇನೆ. ಈಗ ಯಾಜಕಕಾಂಡ. ಆ್ಯಪ್‌ನಲ್ಲಿ ಟಿಕ್ ಹಾಕಿದಾಗ ಒಂದು ಸಮಾಧಾನ, ಅಷ್ಟೇ. ಬೆಳಿಗ್ಗೆ ಏನು ಓದಿದೆ ಅಂತ ಮಧ್ಯಾಹ್ನ ಯಾರಾದರೂ ಕೇಳಿದರೆ ಹೇಳಲು ಬರುವುದಿಲ್ಲ.

ಮಹಿಳಾ ಕೂಟದಲ್ಲಿ ಸಾಕ್ಷಿ ಹೇಳುವಾಗ ಒಬ್ಬೊಬ್ಬರೂ ವಾಕ್ಯ ಓದಿ ಎಷ್ಟು ಆನಂದ ಸಿಕ್ಕಿತು ಅಂತ ಹೇಳುತ್ತಾರೆ. ನಾನು ತಲೆ ಆಡಿಸಿಕೊಂಡು ಸುಮ್ನೆ ಕೂತಿರುತ್ತೇನೆ. ಅಪೊಸ್ತಲ ಪೌಲನು ಫಿಲಿಪ್ಪಿ ಊರಿನ ಸಭೆಯವರಿಗೆ ಯಾವಾಗಲೂ ಕರ್ತನಲ್ಲಿ ಸಂತೋಷಪಡಿ ಅಂತ ಬರೆದಿದ್ದಾನೆ. ಅದು ಆಜ್ಞೆಯ ಹಾಗೇ ಇದೆ, ಅಲ್ವಾ? ಸಂತೋಷಪಡು ಅಂತ ಆಜ್ಞೆ ಮಾಡಿದರೆ ಸಂತೋಷ ಬರುತ್ತದಾ? ನಂಬಿಕೆ ಏನೂ ಹೋಗಿಲ್ಲ, ಪ್ರಾರ್ಥನೆ ಮಾಡುತ್ತೇನೆ. ಆದರೆ ಓದು ಮಾತ್ರ ಹೋಂವರ್ಕ್ ಆಗಿಬಿಟ್ಟಿದೆ. ಇದನ್ನು ದಾಟಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. "ಇನ್ನೂ ಜಾಸ್ತಿ ಪ್ರಾರ್ಥನೆ ಮಾಡಿ" ಅನ್ನುವ ಉತ್ತರ ಬೇಡ, ಅದು ಈಗಾಗಲೇ ಸಿಕ್ಕಿದೆ.

ಉಡುಪಿ ಕಡೆಯವ

ಸಹೋದರಿ, ನಿಮ್ಮ ತೊಂದರೆ ಹೊಸದಲ್ಲ. ಪಟ್ಟಿ ಮಾಡಿದವರಿಗೇ ಇದು ಗೊತ್ತಿತ್ತು.

ವರ್ಷದ ಓದಿನ ಪಟ್ಟಿಗಳಲ್ಲಿ ತುಂಬಾ ಹೆಸರಾದದ್ದು ಸ್ಕಾಟ್ಲೆಂಡಿನ ಡಂಡೀಯಲ್ಲಿ ಪಾಸ್ಟರ್ ಆಗಿದ್ದ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತನ್ನ ಸಭೆಗೆ ಮಾಡಿಕೊಟ್ಟದ್ದು. ಹಳೆ ಒಡಂಬಡಿಕೆ ವರ್ಷಕ್ಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಈಗಲೂ ಎಷ್ಟೋ ಜನ ಅದನ್ನೇ ಓದುತ್ತಾರೆ. ಆದರೆ ಆ ಮನುಷ್ಯ ಪಟ್ಟಿ ಕೊಡುವಾಗ ಮೊದಲು ಬರೆದದ್ದು ಅದರ ಅಪಾಯಗಳನ್ನು. ಬರೀ ರೂಢಿಗೆ ಓದುವುದಾದೀತು, ಇವತ್ತಿನ ಭಾಗ ಮುಗಿಸಿದೆ ಅಂತ ನಮ್ಮ ಬಗ್ಗೆ ನಮಗೇ ಹೆಮ್ಮೆ ಬಂದೀತು, ಗಮನವಿಲ್ಲದೆ ಓಡಿಸಿಯಾರು, ಕೆಲವರಿಗೆ ಹೊರಲಾಗದ ನೊಗ ಆದೀತು ಅಂತ. ನೀವು ಬರೆದದ್ದೂ ಹೆಚ್ಚು ಕಡಿಮೆ ಅದೇ. ಹೆಮ್ಮೆ ಒಂದು ಬಿಟ್ಟು.

ಇನ್ನೊಂದು ದಾರಿಯೂ ಇತ್ತು. ನಮ್ಮ ಕರಾವಳಿಗೆ ಬಾಸೆಲ್ ಮಿಷನ್‌ನವರು ಬಂದದ್ದು 1834ರಲ್ಲಿ, ಮಂಗಳೂರಿಗೆ. ಅವರು ಬೆಳೆದ ಜರ್ಮನ್ ಭಕ್ತಿ ಚಳವಳಿಯ ಕಡೆಯಿಂದಲೇ ಬಂದದ್ದು ಹೆರ್ನ್‌ಹೂಟ್ ಊರಿನ ದಿನದ ವಚನ. 1728ರಲ್ಲಿ ಅಲ್ಲಿ ಜಿನ್ಸೆನ್‌ಡಾರ್ಫ್ ಅನ್ನುವವರು ಸಂಜೆ ಕೂಟದಲ್ಲಿ ಮಾರನೇ ದಿನಕ್ಕೆ ಅಂತ ಒಂದು ಮಾತು ಕೊಟ್ಟರು. ಬೆಳಿಗ್ಗೆ ಅದನ್ನು ಮನೆಮನೆಗೆ ಹೋಗಿ ಹೇಳಿಬರುವುದು ರೂಢಿಯಾಯಿತು. 1731ರ ವರ್ಷಕ್ಕೆ ಅದು ಪುಸ್ತಕವಾಗಿ ಬಂತು, ಇವತ್ತಿಗೂ ಪ್ರತಿ ವರ್ಷ ಬರುತ್ತಿದೆ. ಇಡೀ ಊರಿಗೆ ಒಂದು ದಿನಕ್ಕೆ ಒಂದು ವಚನ. ಬಟ್ಟೆ ನೇಯುವವನೂ ಅದೇ ವಚನ, ಅಡಿಗೆ ಮಾಡುವವಳೂ ಅದೇ ವಚನ. ಅಷ್ಟು ಸಾಕು ಅಂತ ಅವರಿಗೆ ಅನಿಸಿತ್ತು.

ನನ್ನ ಅಭಿಪ್ರಾಯ ಕೇಳಿದರೆ ಪಟ್ಟಿ ಬಿಡಿ. ಪೂರ್ತಿ ಬಿಡಲು ಮನಸ್ಸಿಲ್ಲದಿದ್ದರೆ ಮೂರು ವರ್ಷಕ್ಕೆ ಹಂಚಿಕೊಳ್ಳಿ. ವರ್ಷದಲ್ಲೇ ಮುಗಿಸಬೇಕು ಅಂತ ಬೈಬಲ್‌ನಲ್ಲಿ ಎಲ್ಲೂ ಬರೆದಿಲ್ಲ.

ಕುಡ್ಲ ಕೊಂಕಣಿ

ನಾನು ಕ್ಯಾಥೊಲಿಕ್. ಇಲ್ಲಿ ಜಾಸ್ತಿ ಜನ ಸಿಎಸ್‌ಐ (ಪ್ರೊಟೆಸ್ಟಂಟ್) ಸಭೆಯವರು ಅಂತ ಕಾಣುತ್ತದೆ, ಆದರೂ ಬರೆಯುತ್ತೇನೆ 🙂

ನಮ್ಮಲ್ಲಿ ಏನು ಓದಬೇಕು ಅನ್ನುವುದನ್ನು ನಾವು ಆರಿಸುವುದಿಲ್ಲ. ಪೂಜೆಯಲ್ಲಿ ಓದುವ ಭಾಗ ದಿನದಿನಕ್ಕೂ ಗೊತ್ತಾಗಿರುತ್ತದೆ. ಭಾನುವಾರದ್ದು ಮೂರು ವರ್ಷದ ಸುತ್ತು, ವಾರದ ದಿನಗಳ ಮೊದಲ ವಾಚನ ಎರಡು ವರ್ಷದ ಸುತ್ತು, ಶುಭಸಂದೇಶ ಮಾತ್ರ ಪ್ರತಿ ವರ್ಷ ಅದದೇ. ನನಗೆ ಇದರಲ್ಲಿ ಇಷ್ಟವಾದದ್ದು ಏನೆಂದರೆ ಭಾಗ ಚಿಕ್ಕದು. ಹತ್ತು ಹದಿನೈದು ವಚನ. ನಿಧಾನಕ್ಕೆ ಎರಡು ಸಲ ಓದಿ, ಒಂದು ಕಡೆ ಕಣ್ಣು ನಿಂತರೆ ಅಲ್ಲೇ ನಿಲ್ಲುವುದು.

ಒಂದು ಉದಾಹರಣೆ ಕೊಡುತ್ತೇನೆ. ಮಾರ್ಕ 10ರ ಕೊನೆಯಲ್ಲಿ ಕುರುಡ ಭಿಕ್ಷುಕ ಬಾರ್ತಿಮಾಯನ ಕಥೆ ಇದೆ. ಸಂಡೇ ಸ್ಕೂಲ್‌ನಿಂದ ಕೇಳಿದ್ದೇ. ಯೆರಿಕೋ ಊರಿನ ದಾರಿ ಬದಿಯಲ್ಲಿ ಕೂತು ಕೂಗುತ್ತಾನೆ, ಜನ ಗದರಿಸುತ್ತಾರೆ, ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಯೇಸು ಕರೆಯುತ್ತಾರೆ. ಆಗ ಅವನು ಹೊದ್ದಿದ್ದ ಬಟ್ಟೆ ಬಿಸಾಡಿ ಎದ್ದು ಬರುತ್ತಾನೆ. ಇಲ್ಲಿ ನಿಂತು ಯೋಚಿಸಿ. ಅವನಿಗೆ ಇನ್ನೂ ಕಣ್ಣು ಬಂದಿಲ್ಲ. ಭಿಕ್ಷೆ ಬೇಡುವವನಿಗೆ ಆ ಬಟ್ಟೆಯೇ ಹಾಸಿಗೆ, ಅದೇ ಹೊದಿಕೆ. ಆ ಗುಂಪಿನಲ್ಲಿ ಬಿಸಾಡಿದರೆ ಕಣ್ಣು ಕಾಣದವನು ಮತ್ತೆ ಹೇಗೆ ಹುಡುಕುತ್ತಾನೆ? ಹುಡುಕಬೇಕಾಗುತ್ತದೆ ಅಂತ ಅವನು ಅಂದುಕೊಂಡೇ ಇಲ್ಲ! ಇದು ಮೊದಲ ಸಲ ಹೊಳೆದ ದಿನ ಬಸ್ಸಿನಲ್ಲಿ ನನ್ನಷ್ಟಕ್ಕೆ ನಾನೇ ನಗುತ್ತಾ ಕೂತಿದ್ದೆ, ಪಕ್ಕದ ಹೆಂಗಸು ಒಂದು ಥರಾ ನೋಡಿದರು. ಒಂದೇ ವಚನ ಅದು. ಮೂರು ಅಧ್ಯಾಯ ಓಡಿಸಿದ್ದರೆ ಖಂಡಿತ ತಪ್ಪಿಹೋಗುತ್ತಿತ್ತು.

ಇನ್ನೊಂದು. ನಮ್ಮೂರಿನ ಜೆಸುಯಿಟ್ ಫಾದರ್‌ಗಳ ಮೂಲಪುರುಷ ಇಗ್ನೇಷಿಯಸ್ ಲೊಯೋಲಾ 1521ರಲ್ಲಿ ಪಾಂಪ್ಲೋನಾ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದ. ಓದಲು ವೀರರ ಕಥೆ ಕೇಳಿದ. ಮನೆಯಲ್ಲಿ ಇದ್ದದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಬೇರೆ ದಾರಿ ಇಲ್ಲದೆ ಅದನ್ನೇ ಓದಿದ. ಯುದ್ಧ, ಹೆಸರು, ದೊಡ್ಡ ಮನೆಯ ಹೆಣ್ಣು ಅಂತ ಕನಸು ಕಂಡಾಗಲೂ ಅವನಿಗೆ ಖುಷಿಯಾಗುತ್ತಿತ್ತು, ಸಂತರ ಹಾಗೆ ಬದುಕಬೇಕು ಅಂತ ಅಂದುಕೊಂಡಾಗಲೂ ಖುಷಿಯಾಗುತ್ತಿತ್ತು. ವ್ಯತ್ಯಾಸ ಗೊತ್ತಾದದ್ದು ಆಮೇಲೆ. ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿರುತ್ತಿತ್ತು, ಎರಡನೆಯದರ ಖುಷಿ ಉಳಿದಿರುತ್ತಿತ್ತು. ಹಾಗಾಗಿ ಓದುವಾಗ ಖುಷಿ ಬಂತಾ ಅಂತ ನೋಡಬೇಡಿ. ಸಂಜೆ ಪಾತ್ರೆ ತೊಳೆಯುವಾಗ ಬೆಳಗಿನದು ಏನಾದರೂ ಉಳಿದಿದೆಯಾ ನೋಡಿ.

ಮನಸ್ಸು ಒಣಗಿರುವ ಕಾಲದ ಬಗ್ಗೆಯೂ ಅವನು ಬರೆದಿದ್ದಾನೆ. ಆಗ ಮೊದಲು ಮಾಡಿದ್ದ ನಿರ್ಧಾರ ಬದಲಿಸಬೇಡಿ ಅಂತ. ಕಾರಣವೂ ಒಂದೇ ಅಲ್ಲ. ನಮ್ಮ ಅಸಡ್ಡೆ ಇರಬಹುದು, ಪರೀಕ್ಷೆ ಇರಬಹುದು, ಅಥವಾ ಸಂತೋಷ ನಮ್ಮ ಸಂಪಾದನೆ ಅಲ್ಲ, ಕೊಡುಗೆ ಅಂತ ತಿಳಿಯುವುದಕ್ಕೆ ಇರಬಹುದು. ಉಡುಪಿ ಅಣ್ಣ ಪಟ್ಟಿ ಬಿಡಿ ಅಂದರು. ನಾನು ಹೇಳುವುದು, ಪಟ್ಟಿ ಬಿಟ್ಟರೂ ಆ ಹೊತ್ತು ಬಿಡಬೇಡಿ.

ನೈಟ್ ಡ್ಯೂಟಿ ನರ್ಸ್, ಕುವೈತ್

ಮೇಲಿನ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ, ಆದರೆ ಒಂದು ಮಾತು ಯಾರೂ ಕೇಳಲಿಲ್ಲ. ಅಕ್ಕಾ, ನಿದ್ದೆ ಸರಿಯಾಗಿ ಆಗುತ್ತಿದೆಯಾ?

ತಮಾಷೆ ಅಲ್ಲ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾಕಪ್ಪಾ ಸಾಕು, ಪ್ರಾಣ ತೆಗೆದುಕೋ ಅಂತ ಗಿಡದ ಕೆಳಗೆ ಮಲಗುತ್ತಾನೆ. ದೇವದೂತ ಬಂದು ಬೈಯುವುದಿಲ್ಲ, ಪ್ರಸಂಗವನ್ನೂ ಮಾಡುವುದಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ಅವನು ತಿಂದು ಮತ್ತೆ ಮಲಗುತ್ತಾನೆ. ಮತ್ತೊಮ್ಮೆ ಎಬ್ಬಿಸಿ ಮತ್ತೆ ಊಟ. ದೇವರು ಮಾತಾಡುವುದು ಅದಾದ ಎಷ್ಟೋ ದಿನದ ಮೇಲೆ. ನಾನು ವಾರ್ಡ್‌ನಲ್ಲಿ ದಿನಾ ನೋಡುವುದು ಇದೇ ಕ್ರಮ.

ಸಾಕ್ಷಿಯ ಬಗ್ಗೆ ನೀವು ಬರೆದದ್ದು ಓದಿ ಬೇಜಾರಾಯಿತು. ಎಲ್ಲರೂ ಆನಂದ ಆನಂದ ಅಂದರೆ ಇಲ್ಲದವರು ಎಲ್ಲಿ ಹೋಗಬೇಕು? ಕೀರ್ತನೆ 13 ಓದಿ, ಆರೇ ವಚನ. ಮೊದಲ ಎರಡರಲ್ಲಿ ನಾಲ್ಕು ಸಲ "ಎಷ್ಟರವರೆಗೆ" ಅಂತ ಕೇಳುತ್ತಾನೆ. ಕೊನೆಯಲ್ಲಿ ಹಾಡುತ್ತೇನೆ ಅನ್ನುತ್ತಾನೆ. ನಡುವೆ ಕಷ್ಟ ತೀರಿತು ಅಂತ ಎಲ್ಲೂ ಇಲ್ಲ. 88ನೆಯದು ಇನ್ನೂ ಒಂದು ಹೆಜ್ಜೆ ಮುಂದೆ, ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಹಾಡೂ ಇಲ್ಲ. ಅದನ್ನೂ ಬೈಬಲ್‌ನಲ್ಲಿ ಇಟ್ಟಿದ್ದಾರಲ್ಲ! ಇಲ್ಲಿ ಶುಕ್ರವಾರದ ಕನ್ನಡ ಆರಾಧನೆಗೆ ಡ್ಯೂಟಿ ಮುಗಿಸಿ ನೇರ ಹೋಗುತ್ತೇನೆ, ಕೆಲವೊಮ್ಮೆ ಕಣ್ಣು ಬಿಡಲೂ ಆಗುವುದಿಲ್ಲ. ಅಂಥ ದಿನ ನನಗೆ ಸಮಾಧಾನ ಕೊಟ್ಟದ್ದು 88, ಆನಂದದ ಕೀರ್ತನೆಗಳಲ್ಲ.

ಹುಬ್ಬಳ್ಳಿ ಓದುಗಿ

ಎಲ್ಲರಿಗೂ ಥ್ಯಾಂಕ್ಸ್. ಬಾರ್ತಿಮಾಯನ ಬಟ್ಟೆ ವಿಷಯ ಓದಿ ನನಗೂ ನಗು ಬಂತು, ರಾತ್ರಿ ಮನೆಯವರಿಗೂ ಹೇಳಿದೆ. ನಿದ್ದೆ ಆಗುತ್ತಿಲ್ಲ, ನಿಜ.

ಪಟ್ಟಿ ಬಿಡಲು ಮನಸ್ಸು ಮಾಡಿದ್ದೇನೆ. ಆದರೆ ಯಾಜಕಕಾಂಡ ಅರ್ಧಕ್ಕೆ ಬಿಟ್ಟು ಸುವಾರ್ತೆಗೆ ಹಾರಿದರೆ ಸುಲಭದ್ದು ಮಾತ್ರ ಆರಿಸಿಕೊಂಡ ಹಾಗಾಗುವುದಿಲ್ಲವಾ? ಮತ್ತೆ, ಸಂತೋಷಪಡಿ ಅನ್ನುವ ಆಜ್ಞೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ 😄

ಧಾರವಾಡದ ಮೇಷ್ಟ್ರು

ತಂಗೀ, ಎರಡಕ್ಕೂ ಹೇಳುತ್ತೇನೆ. ಉದ್ದ ಆದರೆ ಸಹಿಸಿಕೊಳ್ಳಿ, ರಿಟೈರ್ ಆದ ಮೇಲೆ ಪಾಠ ಕೇಳುವವರು ಸಿಗುವುದು ಕಷ್ಟ.

ಮೊದಲು ಫಿಲಿಪ್ಪಿ. ಆ ಒಂದು ವಚನವನ್ನು ಕ್ಯಾಲೆಂಡರ್ ಮೇಲೆ, ಗೋಡೆ ಮೇಲೆ ನೋಡಿ ನೋಡಿ ಅದರ ಅಕ್ಕಪಕ್ಕ ಏನಿದೆ ಅಂತ ನಾವು ಮರೆತಿದ್ದೇವೆ. ಪೌಲ ಅದನ್ನು ಬರೆದದ್ದು ಸೆರೆಯಲ್ಲಿ, ಬೇಡಿ ಹಾಕಿಸಿಕೊಂಡು. ಕಾಗದ ತಂದುಕೊಡುವ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿ ಬಂದವನು. ಅದೇ 4ನೇ ಅಧ್ಯಾಯದಲ್ಲಿ, ಸಂತೋಷಪಡಿ ಅನ್ನುವುದಕ್ಕೆ ಎರಡೇ ವಚನ ಹಿಂದೆ, ಯುವೊದ್ಯ ಮತ್ತು ಸಂತುಕೆ ಅನ್ನುವ ಇಬ್ಬರು ಹೆಂಗಸರನ್ನು ಹೆಸರು ಹಿಡಿದು ಒಂದೇ ಮನಸ್ಸಾಗಿ ಅಂತ ಬೇಡಿಕೊಳ್ಳುತ್ತಾನೆ. ಅವರಿಬ್ಬರನ್ನು ಒಂದು ಮಾಡಲು ಇನ್ನೊಬ್ಬರ ಸಹಾಯವನ್ನೂ ಕೇಳುತ್ತಾನೆ. ಅಂದರೆ ಜಗಳ ಇಡೀ ಸಭೆಗೆ ಗೊತ್ತಿತ್ತು. ಆ ಕಾಗದವನ್ನು ಎಲ್ಲರ ಮುಂದೆ ಓದಿದಾಗ ಅವರಿಬ್ಬರೂ ಅಲ್ಲೇ ಕೂತಿದ್ದಿರಬೇಕು! ಅದಾದ ಮೇಲೆ ಬರುವುದು ಸಂತೋಷಪಡಿ. ಒಬ್ಬಳೇ ಬೆಳಿಗ್ಗೆ ಕೂತು ಎದೆಯೊಳಗೆ ಹುಟ್ಟಿಸಿಕೊಳ್ಳಬೇಕಾದ ಭಾವನೆ ಅಂತ ಅವನು ಬರೆದಿಲ್ಲ. ಮಾತು ಬಿಟ್ಟವರು ಇದ್ದ ಒಂದು ಸಭೆಗೆ, ಬಹುವಚನದಲ್ಲಿ ಬರೆದಿದ್ದಾನೆ.

ಇನ್ನು ಯಾಜಕಕಾಂಡ. ಬಿಡಬೇಡಿ ಅನ್ನುವುದಿಲ್ಲ, ಆದರೆ ಬಿಡುವ ಮುಂಚೆ 19ನೇ ಅಧ್ಯಾಯದ 9, 10ನೇ ವಚನ ಮಾತ್ರ ಒಂದು ವಾರ ಇಟ್ಟುಕೊಳ್ಳಿ. ಹೊಲದ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲು (ಕೊಯ್ದ ಮೇಲೆ ಉಳಿದ ತೆನೆ) ಆಯಬೇಡ, ಅದು ಬಡವರಿಗೂ ಪರದೇಶದವರಿಗೂ ಇರಲಿ ಅಂತ. ಓದುವ ಕ್ರಮಕ್ಕೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೀಟರ್‌ಗೆ ಬರೆದುಕೊಟ್ಟ ದಾರಿ ಹಿಡಿಯಿರಿ. ಅವನು ಹತ್ತು ಆಜ್ಞೆಗಳಲ್ಲಿ ಒಂದೊಂದನ್ನೂ ನಾಲ್ಕು ಎಳೆಯ ಹಾರ ಮಾಡುತ್ತೇನೆ ಅನ್ನುತ್ತಾನೆ. ಇದು ಏನು ಕಲಿಸುತ್ತದೆ, ಇದರಲ್ಲಿ ಯಾವುದಕ್ಕೆ ಸ್ತೋತ್ರ ಹೇಳಲಿ, ಏನು ಅರಿಕೆ ಮಾಡಿಕೊಳ್ಳಲಿ, ಏನು ಬೇಡಲಿ. ಪಾಪ, ಪೀಟರ್ ಪ್ರಾರ್ಥನೆ ಮಾಡುವುದು ಹೇಗೆ ಅಂತ ಕೇಳಿದ್ದಕ್ಕೆ ಇಷ್ಟು ಸಿಕ್ಕಿತು. ಕತ್ತಿ ಹಿಡಿದವನ ಕಣ್ಣು, ಮನಸ್ಸು ಎರಡೂ ಕತ್ತಿಯ ಮೇಲೇ ಇರಬೇಕು, ಪ್ರಾರ್ಥನೆಯೂ ಹಾಗೇ ಅಂತ ಅವನ ಕಸುಬಿನಿಂದಲೇ ಬುದ್ಧಿ ಹೇಳಿದ್ದಾನೆ.

ಈ ಹೊಲದ ಮಾತಿಗೆ ನಾಲ್ಕೂ ಹಾಕಿ ನೋಡಿ. ನಮ್ಮ ಕಡೆ ಜೋಳದ ಹೊಲದಲ್ಲಿ ಹಕ್ಕಲು ಆಯುವುದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಆಮೇಲೆ ರೂತಳ ಪುಸ್ತಕದ 2ನೇ ಅಧ್ಯಾಯ ತೆಗೆಯಿರಿ. ಮೋವಾಬಿನ ವಿಧವೆ, ಪರದೇಶದವಳು, ಬೇತ್ಲೆಹೇಮಿನ ಹೊಲದಲ್ಲಿ ಇದೇ ಕಾನೂನಿನಿಂದ ಹೊಟ್ಟೆ ತುಂಬಿಸಿಕೊಳ್ಳುತ್ತಾಳೆ. ಅವಳ ಮರಿಮಗ ದಾವೀದ. ಮತ್ತಾಯ ಬರೆದ ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರಿದೆ. ಯಾಜಕಕಾಂಡದಿಂದ ಸುವಾರ್ತೆಗೆ ಹಾರುವುದೇ ಆದರೆ ಈ ದಾರಿಯಲ್ಲಿ ಹಾರಿ.

ಹಾಂ, ಇನ್ನೊಂದು. ಸಂತೋಷಪಡಿ ಅನ್ನುವ ಆಜ್ಞೆ ನಿಮಗೆ ಬೇಸರ ತರಿಸಿದ ಯಾಜಕಕಾಂಡದಲ್ಲೇ ಇದೆ, 23ರ 40ನೇ ವಚನ. ಪರ್ಣಶಾಲೆಗಳ ಹಬ್ಬದಲ್ಲಿ ಖರ್ಜೂರದ ಗರಿ, ಎಲೆ ತುಂಬಿದ ಕೊಂಬೆ ತಂದು ಏಳು ದಿನ ದೇವರ ಮುಂದೆ ಸಂತೋಷಪಡಬೇಕು. ಬೆಳೆ ಮನೆಗೆ ಬಂದ ಮೇಲೆ, ಮನೆಮಂದಿಯೆಲ್ಲಾ ಚಪ್ಪರ ಕಟ್ಟಿಕೊಂಡು. ನೀವು ಆ ಅಧ್ಯಾಯಕ್ಕೆ ಇನ್ನೂ ಬಂದಿಲ್ಲ ಅಂತ ಕಾಣುತ್ತದೆ. ಬಂದಾಗ ಒಬ್ಬರೇ ಓದಬೇಡಿ, ಮಕ್ಕಳನ್ನೂ ಕೂರಿಸಿಕೊಳ್ಳಿ. ಚಪ್ಪರ ಅಂದರೆ ಅವರು ಬಿಡುವುದಿಲ್ಲ, ಟೆರೇಸ್ ಮೇಲೆ ಒಂದು ಕಟ್ಟಿಸಿಯೇ ತೀರುತ್ತಾರೆ.